ಕರೆಂಟಿದ್ದವನೇ ಸಂಪಾದಕ

ನಾಲ್ಕು ಊರು, ನಾಲ್ಕು ಜನ, ನಾಲ್ಕು ರಾಜಕೀಯ, ವಾರಕ್ಕೊಂದು ಹಾಳೆ. 2012ರಿಂದ ಮೂರು ವರ್ಷ ನಮ್ಮ ಶನಿವಾರಗಳೆಲ್ಲ ಹೋದದ್ದು ಇದಕ್ಕೇ. ಮಣಿಪಾಲದಲ್ಲಿ ಲ್ಯಾಬ್ ಕೆಲಸ ಮಾಡುತ್ತಿದ್ದವನೊಬ್ಬ, ಕಾಪುವಿನಲ್ಲಿ ಸಹಕಾರಿ ಸಂಘವೊಂದರ ಲೆಕ್ಕ ಬರೆಯುತ್ತಿದ್ದವಳೊಬ್ಬಳು, ಕಾರ್ಕಳದಾಚೆ ಘಟ್ಟದ ಬುಡದಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದವನೊಬ್ಬ, ಮತ್ತೆ ಉಡುಪಿಯಲ್ಲಿ ನಾನು. ಹೆಸರು ಹಿಡಿದು ಕರೆಯುವುದು ಬೇಗ ನಿಂತುಹೋಯಿತು. "ಕಾರ್ಕಳ ಬಂತಾ?", "ಕಾಪು ಇನ್ನೂ ಕಳಿಸ್ಲಿಲ್ಲ ಮಾರಾಯ", "ಮಣಿಪಾಲಕ್ಕೆ ಸಿಟ್ಟು ಬಂದಿದೆ" ಅಂತಲೇ ಮಾತು. ಇಲ್ಲೂ ಹಾಗೇ ಬರೆಯುತ್ತೇನೆ.

ಶುರುವಾದದ್ದು ಉಪಚುನಾವಣೆಯಿಂದ. 2011ರ ಆಗಸ್ಟ್‌ನಲ್ಲಿ ಸದಾನಂದ ಗೌಡರು ಮುಖ್ಯಮಂತ್ರಿಯಾದರು. ಅವರು ಬಿಟ್ಟ ಉಡುಪಿ-ಚಿಕ್ಕಮಗಳೂರು ಲೋಕಸಭಾ ಸೀಟಿಗೆ 2012ರ ಮಾರ್ಚ್‌ನಲ್ಲಿ ಓಟು ನಡೆದು ಜಯಪ್ರಕಾಶ್ ಹೆಗ್ಡೆ ಗೆದ್ದರು. ಆ ತಿಂಗಳು ಎಲ್ಲಿ ಹೋದರೂ ಯಾರು ಗೆಲ್ತಾರೆ ಅನ್ನುವ ಮಾತೇ. ಗೆದ್ದವರ ಹತ್ತಿರ ಯಾರಿಗೆ ಏನು ಬೇಕು ಅನ್ನುವುದು ಮಾತ್ರ ಎಲ್ಲೂ ಕೇಳಲಿಲ್ಲ. ಈ ಕ್ಷೇತ್ರವೇ ವಿಚಿತ್ರ ನೋಡಿ. ಕಾಪುವಿನ ಕಡಲಿನಿಂದ ಹಿಡಿದು ಘಟ್ಟದ ಮೇಲಿನ ಕಾಫಿ ತೋಟದವರೆಗೆ ಒಬ್ಬರೇ ಎಂಪಿ. ಮೀನಿನವರ ಕಷ್ಟ ತೋಟದವರಿಗೆ ಗೊತ್ತಿಲ್ಲ, ತೋಟದವರ ಕಷ್ಟ ಮಣಿಪಾಲದ ಫ್ಲ್ಯಾಟಿನವರಿಗೆ ಗೊತ್ತಿಲ್ಲ. ನಾವು ನಾಲ್ವರು ಓಟು ಹಾಕುತ್ತಿದ್ದದ್ದೂ ಬೇರೆ ಬೇರೆ ಕಡೆಗೆ. ಹಾಗಾದರೆ ವಾರಕ್ಕೊಮ್ಮೆ ಒಂದೇ ಹಾಳೆಯಲ್ಲಿ ನಾಲ್ಕೂ ಕಡೆಯದ್ದು ಬರೆಯುವ ಅಂತ ಆಯಿತು. ಎ4 ಅಳತೆಯ ಎರಡು ಪುಟದ ಪಿಡಿಎಫ್, ಭಾನುವಾರ ಬೆಳಿಗ್ಗೆ ಏಳಕ್ಕೆ ಮೇಲ್‌ನಲ್ಲಿ ಹೋಗಬೇಕು. ಓದುವವರು ಇನ್ನೂರು ಚಿಲ್ಲರೆ ಜನ. ಅದರಲ್ಲಿ ಅರ್ಧ ಮುಂಬಯಿಯಲ್ಲಿ, ಗಲ್ಫಿನಲ್ಲಿ, ಬೆಂಗಳೂರಿನಲ್ಲಿ ಇರುವ ನಮ್ಮೂರಿನವರೇ.

ಬರೆಯುವುದು ಕಷ್ಟ ಆಗಬಹುದು ಅಂದುಕೊಂಡಿದ್ದೆವು. ನೋಡಿದರೆ, ಬರೆದದ್ದು ಇನ್ನೊಬ್ಬನ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುವುದೇ ಕಷ್ಟ ಆಯಿತು. ಕಾಪು ಬರೆಯುವುದು 'ನುಡಿ'ಯಲ್ಲಿ, ಕಾರ್ಕಳ 'ಬರಹ'ದಲ್ಲಿ, ಮಣಿಪಾಲ ಯೂನಿಕೋಡ್‌ನಲ್ಲಿ. ಹಳೆಯ ಫಾಂಟುಗಳ ಕತೆ ನಿಮಗೆ ಗೊತ್ತಿರಬಹುದು. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತವೆ. ಆ ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಗಂಜಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅಂತಲೇ 128 ಮನೆಗಳ ಒಂದು ಸಾಲು ಇದೆ, ಅಲ್ಲಿ ಬರೆದದ್ದು ಎಲ್ಲಿ ಹೋದರೂ ಕನ್ನಡವೇ. ಆದರೆ ನಾವು ಪುಟ ಕಟ್ಟುತ್ತಿದ್ದ ಹಳೇ ಸಾಫ್ಟ್‌ವೇರ್‌ಗೆ ಯೂನಿಕೋಡ್ ಬರುತ್ತಿರಲಿಲ್ಲ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಅರ್ಕಾವೊತ್ತು ಕಾಣೆ, ಒತ್ತಕ್ಷರ ಪಕ್ಕದ ಮನೆಗೆ. 'ಕಾರ್ಯಕರ್ತ' ಸರಿಯಾಗಿ ಬಂದ ವಾರ ನಮಗೆ ಹಬ್ಬ.

ಒಂದು ವಿಷಯದಲ್ಲಿ ಮಾತ್ರ ನಮಗೆ ತೊಂದರೆ ಇರಲಿಲ್ಲ. ಯಾವ ಸಾಫ್ಟ್‌ವೇರ್ ಆದರೂ ನಾಲ್ವರ ಬೆರಳೂ ಒಂದೇ ಕೀಲಿಮಣೆಗೆ ಒಗ್ಗಿತ್ತು. ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಅದು. ಉಚ್ಚಾರ ನೋಡಿಕೊಂಡು ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದ್ದಾರೆ. ಒತ್ತಕ್ಷರ ಬೇಕಾದರೆ ಮಧ್ಯೆ ಎಫ್ ಒತ್ತಿದರಾಯಿತು. ಅವರು ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ 'ಸೇಡಿಯಾಪು' ಅಂತ ಹೆಸರಿಟ್ಟು ಉಚಿತವಾಗಿ ಕೊಟ್ಟರು. ಟೈಪಿಂಗ್ ಕ್ಲಾಸಿಗೆ ಹೋಗದ ತೋಟದವನೊಬ್ಬ ರಾತ್ರಿ ಕೂತು ರಾಜಕೀಯ ಬರೆಯಲು ಸಾಧ್ಯ ಆದದ್ದು ಅದರಿಂದ.

ಬರೆದದ್ದನ್ನು ಕಳಿಸಬೇಕಲ್ಲ, ಅಲ್ಲಿ ಮಳೆ ಅಡ್ಡ ಬಂತು. ನಮ್ಮ ಜಿಲ್ಲೆಯ ಮಳೆ ಬಗ್ಗೆ ಹೊಸದಾಗಿ ಹೇಳುವುದು ಏನೂ ಇಲ್ಲ. ಮೊದಲ ಗುಡುಗಿಗೇ ಫೋನಿನ ವಯರು ಎಳೆಯದಿದ್ದರೆ ಮೋಡೆಮ್ ಸುಟ್ಟಿತು ಅಂತಲೇ. ಕಾರ್ಕಳದ ಮನೆಯಲ್ಲಿ ಒಂದೇ ವರ್ಷ ಮೂರು ಮೋಡೆಮ್ ಹೋದವು. ತಂತಿ ಮೇಲೆ ಮರ ಬಿದ್ದರೆ ಕರೆಂಟು ಬರಲು ಎರಡು ದಿನ. ಕಾಪುವಿನದ್ದು ಇನ್ನೊಂದು ಚಂದ. ಹತ್ತಿರದ ಎಲ್ಲೂರಿನಲ್ಲಿ 1200 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಇದೆ. "ದೂರದಲ್ಲಿ ಚಿಮಿಣಿ ಕಾಣ್ತದೆ, ಮನೆಯಲ್ಲಿ ಚಿಮಿಣಿ ದೀಪ" ಅಂತ ಅವಳು ನಗುತ್ತಿದ್ದಳು. ಮಣಿಪಾಲದವನ ಕ್ಯಾಂಪಸ್ಸಿನಲ್ಲಿ ಮಾತ್ರ ಜನರೇಟರ್ ಇತ್ತು. ಅವನಿಗೆ ಕರೆಂಟು ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಪುಟ ಕಟ್ಟುವ ಕೆಲಸ ತಾನಾಗಿಯೇ ಅವನಿಗೆ ಹೋಯಿತು. ಯಾರೂ ತೀರ್ಮಾನ ಮಾಡಿದ್ದಲ್ಲ. ಅವನ ಹತ್ತಿರ ಕರೆಂಟಿತ್ತು, ನೆಟ್ ಇತ್ತು, ಅಷ್ಟೇ. ತಡವಾಗಿ ಬಂದದ್ದನ್ನು ಕತ್ತರಿಸುವವನು ಅವನು, ತಲೆಬರಹ ಕೊಡುವವನು ಅವನು, ಬಾರದ ಜಾಗಕ್ಕೆ ತನ್ನದೇ ನಾಲ್ಕು ಪ್ಯಾರಾ ತುಂಬುವವನೂ ಅವನೇ. ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನಿದ್ದೆಗೆಟ್ಟು ಮಾಡುತ್ತಿದ್ದ. ಆದರೆ ಕಾಪು ಲೆಕ್ಕದವಳು. 2013ರ ಮಳೆಗಾಲ ಮುಗಿದ ಮೇಲೆ ಹಳೆಯ ಹಾಳೆಗಳನ್ನು ತೆಗೆದು ಎಣಿಸಿದಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 17 ಹಾಳೆ. ಐದರಲ್ಲಿ ಕಾರ್ಕಳದ್ದು ಒಂದು ಸಾಲೂ ಇಲ್ಲ. ಎಂಟರಲ್ಲಿ ಕಾಲು ಪುಟಕ್ಕಿಂತ ಕಡಿಮೆ. "ನಾವು ನಾಲ್ಕು ಊರಿನ ಹಾಳೆ ಅಂತೇವೆ. ಮಳೆಗಾಲದಲ್ಲಿ ಇದು ಮಣಿಪಾಲದ ಹಾಳೆ" ಅಂದಳು. ಮಣಿಪಾಲಕ್ಕೆ ನಿಜಕ್ಕೂ ಬೇಸರವಾಯಿತು. "ನಾನು ಬೇಕಂತ ಮಾಡಿದ್ದಾ? ಅವನದ್ದು ಬರಲಿಲ್ಲ, ನಾನೇನು ಮಾಡಲಿ?" ಅವನು ಹೇಳಿದ್ದು ನಿಜ, ಅವಳ ಲೆಕ್ಕವೂ ನಿಜ. ಟೆಕ್ನಿಕಲ್ ತೊಂದರೆಗೆ ಪಕ್ಷ ಇಲ್ಲ ಅಂತ ನಾವೆಲ್ಲ ನಂಬಿದ್ದೆವು. ಅದು ಯಾರ ಮನೆಯಲ್ಲಿ ಹೆಚ್ಚು ಆಗುತ್ತದೆ ಅಂತ ಎಣಿಸಿದಾಗಲೇ ಗೊತ್ತಾದದ್ದು ಅದರ ಪಕ್ಷ ಯಾವುದು ಅಂತ.

ಇದು ಬರೀ ಬೇಸರದ ಮಾತಾಗಿ ಉಳಿಯಲಿಲ್ಲ. 2014 ಬಂತು. ಮಾರ್ಚ್ 10ಕ್ಕೆ ಕೇಂದ್ರ ಪರಿಸರ ಸಚಿವಾಲಯ ಕಸ್ತೂರಿರಂಗನ್ ವರದಿ ಆಧರಿಸಿ ಪಶ್ಚಿಮ ಘಟ್ಟದ ಕರಡು ಅಧಿಸೂಚನೆ ಹೊರಡಿಸಿತು. ಆರು ರಾಜ್ಯಗಳಲ್ಲಿ 56,825 ಚದರ ಕಿಲೋಮೀಟರ್ ಸೂಕ್ಷ್ಮ ಪ್ರದೇಶ, ಅದರಲ್ಲಿ ಕರ್ನಾಟಕದ್ದೇ 20,668. ಆಕ್ಷೇಪಣೆಗೆ 60 ದಿನ. ಕಾರ್ಕಳ ತಾಲೂಕಿನ ಘಟ್ಟದ ಬುಡದ ಹಳ್ಳಿಗಳೂ ಪಟ್ಟಿಯಲ್ಲಿದ್ದವು. ಅದರ ಮಧ್ಯೆ ಏಪ್ರಿಲ್ 17, ಗುರುವಾರ, ಲೋಕಸಭೆಗೆ ಓಟು.

ಓಟಿನ ಹಿಂದಿನ ಭಾನುವಾರದ ಹಾಳೆ ಇದೇ ವಿಷಯಕ್ಕೆ ಅಂತ ಮೊದಲೇ ಆಗಿತ್ತು. ಮಣಿಪಾಲ ಬರೆದದ್ದು ಗಟ್ಟಿಯಾಗಿತ್ತು. ಕರಡಿನಲ್ಲಿ ನಿಷೇಧ ಇರುವುದು ಗಣಿಗೆ, ಕಲ್ಲುಕೋರೆಗೆ, ಮರಳುಗಾರಿಕೆಗೆ, ಹೊಸ ಉಷ್ಣ ವಿದ್ಯುತ್ ಸ್ಥಾವರಕ್ಕೆ, ದೊಡ್ಡ ಕಟ್ಟಡಗಳಿಗೆ. ಕೃಷಿ ಮಾಡಬೇಡಿ ಅಂತ ಎಲ್ಲೂ ಇಲ್ಲ. ಉಡುಪಿ, ಮಣಿಪಾಲದ ನಲ್ಲಿಯಲ್ಲಿ ಬರುವುದು ಬಜೆ ಅಣೆಕಟ್ಟಿನ ಸ್ವರ್ಣಾ ನೀರು, ಅದು ಇಳಿದು ಬರುವುದು ಆ ಘಟ್ಟದಿಂದ. ಘಟ್ಟ ಹೋದರೆ ನಾವೂ ಹೋದಂತೆ. ಕಾರ್ಕಳ ಬರೆಯುವುದಾಗಿ ಹೇಳಿದ್ದು ಇನ್ನೊಂದು. ಒಂದು ಹಳ್ಳಿಯ ಶೇಕಡ 20ರಷ್ಟು ಜಾಗ ಸೂಕ್ಷ್ಮ ಅಂತ ಕಂಡರೆ ಇಡೀ ಹಳ್ಳಿ ಪಟ್ಟಿಗೆ. ಉಪಗ್ರಹದ ಚಿತ್ರ ನೋಡಿದವರು ಗ್ರಾಮಸಭೆಗೆ ಬಂದು ಕೇಳಲಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ನೋಟಿಸುಗಳನ್ನು ನೋಡಿಕೊಂಡೇ ದೊಡ್ಡವರಾದವರು ನಾವು, "ಏನೂ ಆಗುವುದಿಲ್ಲ" ಅಂತ ಪೇಟೆಯವರು ಹೇಳಿದ ಕೂಡಲೇ ನಂಬುವುದು ಹೇಗೆ?

ಶನಿವಾರ ಸಂಜೆ ಐದಕ್ಕೆ ಸಿಡಿಲು. ಬೇಸಿಗೆ ಮಳೆ. ಕಾರ್ಕಳದ ಕಡೆ ಕರೆಂಟು ಹೋಯಿತು, ಏಳು ಗಂಟೆಗೆ ಮೊಬೈಲ್ ಟವರೂ ಸತ್ತಿತು. ಎಂಟಕ್ಕೆ ಮಣಿಪಾಲ ಫೋನ್ ಮಾಡಿದ. "ಅವನದ್ದು ಇವತ್ತು ಬರುವುದಿಲ್ಲ. ನನ್ನದು ಎರಡು ಪುಟಕ್ಕೂ ಸಾಕಾಗ್ತದೆ, ಹಾಕಿ ಬಿಡುವ. ಅವನದ್ದು ಮುಂದಿನ ವಾರ."

"ಮುಂದಿನ ವಾರ ಅಂದ್ರೆ ಓಟು ಮುಗಿದಿರ್ತದೆ ಮಾರಾಯ" ಅಂದಳು ಕಾಪು.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹತ್ತೂವರೆವರೆಗೆ ಕಾಯುವ" ಅಂದ.

ಒಂಬತ್ತೂ ಕಾಲಿಗೆ ಗೊತ್ತಿಲ್ಲದ ನಂಬರಿನಿಂದ ಕಾಪುವಿಗೆ ಮಿಸ್ ಕಾಲ್. ಕಾರ್ಕಳ ಬೈಕ್ ಹಾಕಿಕೊಂಡು ಬಜಗೋಳಿವರೆಗೆ ಬಂದು, ಅಂಗಡಿಯವರೊಬ್ಬರ ಫೋನ್ ಕೇಳಿ ನಿಂತಿದ್ದ. ಬರೆದದ್ದು ನೋಟ್‌ಬುಕ್ಕಿನಲ್ಲಿತ್ತು. ಅವನು ಓದುತ್ತಾ ಹೋದ, ಕಾಪು ಟೈಪ್ ಮಾಡುತ್ತಾ ಹೋದಳು. ಅವಳ ಇನ್ವರ್ಟರ್ ಆಗಲೇ ಕೀಂ ಕೀಂ ಅನ್ನುತ್ತಿತ್ತು. ಕಾನ್ಫರೆನ್ಸ್ ಕಾಲ್‌ನಲ್ಲಿ ಮಣಿಪಾಲನೂ ನಾನೂ ಕೇಳುತ್ತಿದ್ದೆವು. ಮಧ್ಯೆ ಒಂದು ವಾಕ್ಯಕ್ಕೆ ಮಣಿಪಾಲ, "ಇದು ಸರಿ ಇಲ್ಲ, ಕರಡಿನಲ್ಲಿ ಹಾಗಿಲ್ಲ" ಅಂದ. ಕಾರ್ಕಳ ಹೇಳಿದ, "ಕರಡಿನಲ್ಲಿ ಇದೆ ಅಂತ ನಾನು ಬರೆಯಲಿಲ್ಲ. ನಮಗೆ ಹಾಗೆ ಹೆದರಿಕೆ ಉಂಟು ಅಂತ ಬರೆದೆ. ಹೆದರಿಕೆ ಸುಳ್ಳಾ?" ಆ ವಾಕ್ಯ ಹಾಗೇ ಉಳಿಯಿತು.

ಇವನಿಗೊಂದು ಪುಟ, ಅವನಿಗೊಂದು ಪುಟ. ಅದಕ್ಕಾಗಿ ಮಣಿಪಾಲ ತನ್ನ ಲೇಖನವನ್ನು ತಾನೇ ಅರ್ಧಕ್ಕೆ ಇಳಿಸಿದ. ಹನ್ನೊಂದರ ಹೊತ್ತಿಗೆ ಉಡುಪಿಯಲ್ಲಿ ನನ್ನ ಮನೆಯಲ್ಲೂ ಕತ್ತಲೆ. ಕಾಪು ಕಳಿಸಿದ ಫೈಲನ್ನು ತೆರೆದು, ಫಾಂಟ್ ಬದಲಾಯಿಸಿ, ಬಿದ್ದ ಒತ್ತಕ್ಷರಗಳನ್ನು ಒಂದೊಂದಾಗಿ ಎತ್ತಿ ಕೂರಿಸಿದವನು ಮಣಿಪಾಲನೇ. ಯಾವ ಮಾತನ್ನು ಅವನು ಒಪ್ಪುತ್ತಿರಲಿಲ್ಲವೋ ಅದೇ ಮಾತಿನ ಅರ್ಕಾವೊತ್ತುಗಳನ್ನು ರಾತ್ರಿ ಒಂದೂವರೆಯವರೆಗೆ ರಿಪೇರಿ ಮಾಡಿದ. ನಾವು ಮೂವರೂ ಕತ್ತಲೆಯಲ್ಲಿದ್ದೆವು. ಏನನ್ನು ತೆಗೆದರೂ ಬೆಳಿಗ್ಗೆವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೋಮವಾರ ಕಾರ್ಕಳ ನೋಟ್‌ಬುಕ್ ಪಕ್ಕಕ್ಕಿಟ್ಟುಕೊಂಡು ಓದಿ ನೋಡಿದ. ಒಂದು ಪದವೂ ಬದಲಾಗಿರಲಿಲ್ಲ.

ಅಚ್ಚಿನ ಜಾಗ ಪತ್ರಿಕೆಯನ್ನು ಎಳೆದುಕೊಂಡು ಹೋಗುವುದು ಹೊಸತೇನಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ತಂದರು. ಮರುವರ್ಷ ಮುದ್ರಣ ಬಳ್ಳಾರಿಗೆ ಹೋಯಿತು, ಹೆಸರು 'ಕನ್ನಡ ಸಮಾಚಾರ' ಆಯಿತು. ಅಚ್ಚಿನ ಜೊತೆ ಹೆಸರಿನಲ್ಲಿದ್ದ ಮಂಗಳೂರೂ ಹೋಯಿತು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಿಂದ 'ಮುಂಗಾರು' ಹೊರಡಿಸುವಾಗ ಬಂಡವಾಳಕ್ಕೆ ಓದುಗರ ಹತ್ತಿರವೇ ಹೋಗಿ ಷೇರು ಸೇರಿಸಿದರು. ಯಂತ್ರ ಯಾರದ್ದು ಅನ್ನುವ ಪ್ರಶ್ನೆ ಸಣ್ಣದಲ್ಲ ಅಂತ ನಾನು ಅದನ್ನು ಓದಿಕೊಳ್ಳುತ್ತೇನೆ. ನಮ್ಮದು ಎರಡು ಪುಟದ ಹಾಳೆ, ಆದರೂ ಪ್ರಶ್ನೆ ಅದೇ.

ಆ ಏಪ್ರಿಲ್ ಆದ ಮೇಲೆ ಮೂರು ನಿಯಮ ಮಾಡಿಕೊಂಡೆವು. ಒಂದು, ಕರೆಂಟು ಮೊದಲು ಹೋಗುವ ಊರಿನ ಬರಹ ಮೊದಲು ಬರಬೇಕು. ಕಾರ್ಕಳಕ್ಕೆ ಗುರುವಾರ, ಕಾಪುವಿಗೆ ಶುಕ್ರವಾರ, ಜನರೇಟರ್ ಇದ್ದವನಿಗೆ ಶನಿವಾರ ರಾತ್ರಿ. ಎರಡು, ಯಾರದ್ದಾದರೂ ಬರದಿದ್ದರೆ ಆ ಜಾಗ ಖಾಲಿ ಬಿಡಬೇಕು, ಊರಿನ ಹೆಸರು ಮಾತ್ರ ಹಾಕಬೇಕು. ಇನ್ನೊಬ್ಬ ತುಂಬಬಾರದು. ಮೂರು, ತಲೆಬರಹ ಬರೆದವರದ್ದೇ. 'ಕಾರ್ಕಳ' ಅಂತ ಬರೆದು ಕೆಳಗೆ ಬಿಳಿ ಬಿಟ್ಟ ಹಾಳೆ ಎರಡು ಸಲ ಹೋಯಿತು. ಮುಂಬಯಿಯಿಂದ ಒಬ್ಬರು, "ಪ್ರಿಂಟ್ ಸರಿ ಬರಲಿಲ್ಲ, ಇನ್ನೊಮ್ಮೆ ಕಳಿಸಿ" ಅಂತ ಬರೆದರು. ಅಲ್ಲಿ ಎರಡು ದಿನದಿಂದ ಕರೆಂಟಿಲ್ಲ ಅಂತ ಉತ್ತರಿಸಿದೆವು. ಮರುದಿನ ಅವರು ಊರಿನ ಮನೆಗೆ ಫೋನ್ ಮಾಡಿ ವಿಚಾರಿಸಿದರಂತೆ.

2015ಕ್ಕೆ ಹಾಳೆ ನಿಂತಿತು. ಕಾಪು ಮದುವೆಯಾಗಿ ದುಬೈಗೆ ಹೋದಳು, ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಜಗಳದಿಂದ ನಿಲ್ಲಲಿಲ್ಲ ಅನ್ನುವುದೇ ಸಮಾಧಾನ. ಘಟ್ಟದ ವಿಷಯದಲ್ಲಿ ಅವರಿಬ್ಬರೂ ಈಗಲೂ ಒಪ್ಪುವುದಿಲ್ಲ.

ಈಗ ನನ್ನ ದಿನದ ಅರ್ಧ ಹೋಗುವುದು ಆನ್‌ಲೈನ್ ಮೀಟಿಂಗುಗಳಲ್ಲಿ. ನಿಮ್ಮದೂ ಹಾಗೇ ಇರಬಹುದು. ಊರಿನಿಂದ ಕೆಲಸ ಮಾಡುವವರ ಧ್ವನಿ ತುಂಡು ತುಂಡಾಗಿ ಬರುತ್ತದೆ, ಯಾರೋ ಒಬ್ಬರು, "ನೆಟ್‌ವರ್ಕ್ ಇಶ್ಯೂ, ನಿಮ್ಮದು ಆಮೇಲೆ ಕೇಳುವ" ಅನ್ನುತ್ತಾರೆ, ಮೀಟಿಂಗ್ ಮುಂದೆ ಹೋಗುತ್ತದೆ, ತೀರ್ಮಾನವೂ ಆಗಿಬಿಡುತ್ತದೆ. ಆಗೆಲ್ಲ ನಾನು ಒಂದು ಕೆಲಸ ಮಾಡುತ್ತೇನೆ. ಅವರಿಗೆ ಆಗಲೇ ಮೊಬೈಲಿಗೆ ಫೋನ್ ಹಚ್ಚಿ, ಸ್ಪೀಕರ್ ಆನ್ ಮಾಡಿ ಲ್ಯಾಪ್‌ಟಾಪಿನ ಮೈಕ್ ಪಕ್ಕದಲ್ಲಿಡುತ್ತೇನೆ. ಧ್ವನಿ ಸ್ವಲ್ಪ ಗೊಗ್ಗರು ಬರುತ್ತದೆ, ಉಳಿದವರು ಮುಖ ಸಿಂಡರಿಸುತ್ತಾರೆ. ಆದರೆ ಕೇಳುತ್ತದೆ.