ಕಟಕಟೆಯಲ್ಲಿ ನಿಂತವರ ಮುಖ

ತೀರ್ಪು ಬರಲು ವರ್ಷಗಳೇ ಬೇಕು. ಮುಖದ ಫೋಟೋ ತೆಗೆಯಲು ಒಂದು ಕ್ಷಣ ಸಾಕು. ಇತಿಹಾಸದ ಪಾಠ ಮಾಡುವಾಗ ಇದು ನನ್ನನ್ನು ಬಹಳ ಕಾಡುತ್ತದೆ.

ದಿಲ್ಲಿಯ ಕೊನೆಯ ಬಾದಶಹ ಬಹದ್ದೂರ್ ಷಾ ಜಫರ್ ಅವರ ಫೋಟೋ ನೀವೂ ನೋಡಿರಬಹುದು. 1858ರಲ್ಲಿ ಇಂಗ್ಲಿಷರು ಅವರ ವಿಚಾರಣೆ ನಡೆಸಿದ್ದು ಕೆಂಪುಕೋಟೆಯಲ್ಲಿ, ಅಂದರೆ ಅವರ ಸ್ವಂತ ಮನೆಯಲ್ಲಿ! ಆ ವರ್ಷ ಸೆರೆಯಲ್ಲಿದ್ದಾಗ ತೆಗೆದ ಫೋಟೋದಲ್ಲಿ ಎಂಬತ್ತು ದಾಟಿದ ವೃದ್ಧರು ಹಾಸಿಗೆಗೆ ಒರಗಿದ್ದಾರೆ. ಗೆದ್ದವರು ತೆಗೆದ ಚಿತ್ರವದು. ಆದರೂ ಮಕ್ಕಳಿಗೆ ತೋರಿಸಿದರೆ, "ಪಾಪ, ಅಜ್ಜ" ಎನ್ನುತ್ತವೆ.

ಅದೇ ವರ್ಷ ನಮ್ಮ ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕರೂ ವಿಚಾರಣೆ ಎದುರಿಸಿದರು. ಅವರು ಬಾಲ್ಯದಿಂದ 'ಅಪ್ಪಾ' ಎಂದೇ ಕರೆಯುತ್ತಿದ್ದ ಮೆಡೋಸ್ ಟೇಲರ್, ಸೆರೆಯಲ್ಲಿದ್ದ ದೊರೆಯನ್ನು ಕಂಡ ಸಂಗತಿಯನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಓದಿದಾಗ ಕಣ್ಣಿಗೆ ಕಟ್ಟುವುದು ಬಂಡಾಯಗಾರನಲ್ಲ, ಇಪ್ಪತ್ತರ ಹರೆಯದ ಹುಡುಗ. ಮರಣದಂಡನೆ ಇಳಿದು ನಾಲ್ಕು ವರ್ಷಗಳ ಸೆರೆಯಾಯಿತು. ಆದರೆ ಅಲ್ಲಿಗೆ ಒಯ್ಯುವಾಗ ದಾರಿಯಲ್ಲೇ ಗುಂಡು ತಗುಲಿ ತೀರಿಕೊಂಡರು.

ಇನ್ನು ಗಾಂಧೀಜಿ. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ರಾಜದ್ರೋಹದ ವಿಚಾರಣೆ ನಡೆದಾಗ ಕ್ಯಾಮೆರಾಕ್ಕೆ ಅವಕಾಶವಿರಲಿಲ್ಲ. ಕಲಾವಿದ ರವಿಶಂಕರ್ ರಾವಳ್ ಒಳಗೆ ಕುಳಿತು ಪೆನ್ಸಿಲಿನಿಂದ ಗೆರೆ ಎಳೆದುಕೊಂಡರು. ಮುಂದೆ ಅದೇ ವರ್ಣಚಿತ್ರವಾಯಿತು. ಚಿತ್ರ ಬರೆಯುವವರು ಎದುರಿನವರನ್ನು ಹೊತ್ತುಗಟ್ಟಲೆ ನೋಡಬೇಕು. ಹಾಗೆ ನೋಡಿದವರಿಗೆ ಆರೋಪಿಯೂ ಮನುಷ್ಯನಾಗಿ ಕಾಣುತ್ತಾನೆ.

ಇದೆಲ್ಲ ದೊಡ್ಡವರ ಮಾತಾಯಿತು. ಕಮಲಾಪುರದ ಕಡೆಯಿಂದ ನಮ್ಮ ಶಾಲೆಗೆ ಬರುತ್ತಿದ್ದ ಹುಡುಗಿಯೊಬ್ಬಳ ತಂದೆಯನ್ನು ಯಾವುದೋ ಪ್ರಕರಣದಲ್ಲಿ ಹಿಡಿದರು. ಇಬ್ಬರು ಪೊಲೀಸರ ನಡುವೆ ನಿಲ್ಲಿಸಿದ ಫೋಟೋ ಪತ್ರಿಕೆಯಲ್ಲಿ ಬಂತು. ಮರುದಿನದಿಂದ ಆಕೆಯ ಬೆಂಚಿನಲ್ಲಿ ಯಾರೂ ಕೂಡಲಿಲ್ಲ. ನಾನೇ ಇಬ್ಬರನ್ನು ಕರೆದು ಪಕ್ಕಕ್ಕೆ ಕೂಡಿಸಿದೆ, ಕೂತರು, ಮಾತಾಡಲಿಲ್ಲ. ಎರಡು ವರ್ಷದ ಮೇಲೆ ನಿರ್ದೋಷಿ ಎಂದು ತೀರ್ಪಾಯಿತು. ಹುಡುಗಿ ಓಡಿ ಬಂದು ಕೇಳಿದಳು:

"ಅಕ್ಕೋರೆ, ನಮ್ಮಪ್ಪಂದೇನೂ ತಪ್ಪಿಲ್ಲಂತ ಕೋರ್ಟು ಹೇಳ್ಯಾದ್ರೀ. ಈಗ್ಯಾಕ ಫೋಟೋ ಹಾಕಿಲ್ರಿ?"

ಏನು ಹೇಳಲಿ? ತಲೆ ಸವರಿದೆ, ಅಷ್ಟೆ.

ಈಗಂತೂ ಪತ್ರಿಕೆಯೇ ಬೇಕಿಲ್ಲ, ನಮ್ಮೆಲ್ಲರ ಕೈಯಲ್ಲೂ ಮೊಬೈಲಿದೆ. ಯಾರದೋ ಮುಖ ಬರುತ್ತದೆ, ಕೆಳಗೆ 'ಕಳ್ಳ' ಎಂದಿರುತ್ತದೆ, ಅಡುಗೆಮನೆಯಲ್ಲಿ ನಿಂತೇ ನಾಲ್ಕು ಮಂದಿಗೆ ಕಳಿಸಿಬಿಡುತ್ತೇವೆ. ಕಳಿಸುವ ಮುಂಚೆ ಒಂದು ಗಳಿಗೆ ತಡೆಯೋಣ. ನಾಳೆ ಬೆಳಿಗ್ಗೆ ಶಾಲೆಗೆ ಹೋಗಬೇಕಾದ ಮಗಳು ಆ ಮನೆಯಲ್ಲೂ ಇರಬಹುದು.