ಆನಿಮಸ್ ಫೋರ್ಕ್ಸ್‌ನಲ್ಲಿ ಅನ್ನ ಸಾರು

ಕೊಲೊರಾಡೊದ ಸ್ಯಾನ್ ವಾನ್ ಬೆಟ್ಟಗಳಲ್ಲಿ ಬೇಸಿಗೆ ಎಂದರೆ ಜುಲೈ, ಆಗಸ್ಟ್, ಅಷ್ಟೆ. ಜೂನ್ ಕಳೆಯುವವರೆಗೂ ಕಣಿವೆಯ ನೆರಳಲ್ಲಿ ಹಿಮ ಕುಳಿತಿರುತ್ತದೆ. ಆ ಸಣ್ಣ ಸಂದಿನಲ್ಲಿ ಡೆನ್ವರಿನ ನಾವೊಂದಿಷ್ಟು ಕನ್ನಡದವರು ಡೇರೆ ಹೇರಿಕೊಂಡು ಹೊರಡುತ್ತೇವೆ. ಏನು ಮರೆತರೂ ಪ್ರೆಷರ್ ಕುಕ್ಕರ್ ಮರೆಯುವಂತಿಲ್ಲ. ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ ನೀರು ಸುಮಾರು 89 ಡಿಗ್ರಿಗೇ ಕುದಿದುಬಿಡುತ್ತದೆ. ತೆರೆದ ಪಾತ್ರೆಯಲ್ಲಿಟ್ಟ ಅಕ್ಕಿ ಹಲ್ಲಿಗೆ ಸಿಗುತ್ತದೆ, ಬೇಳೆಯ ಮಾತಂತೂ ಕೇಳಲೇಬೇಡಿ. ಕುಕ್ಕರ್ ಕೂಗಿದಾಗ ಪಕ್ಕದ ಡೇರೆಯವರು ಗಾಬರಿಯಿಂದ ತಲೆ ಹೊರಹಾಕುವುದು, ನಾವು ಬಿಸಿ ಸಾರು ಕೊಟ್ಟು ಸಮಾಧಾನ ಮಾಡುವುದು, ಇದೆಲ್ಲ ಈಗ ರೂಢಿಯಾಗಿದೆ. ಉಂಡಾದ ಮೇಲೆ ಪಾತ್ರೆ, ಉಪ್ಪಿನಕಾಯಿ ಬಾಟಲಿ ಎಲ್ಲವನ್ನೂ ಕಾರಿನೊಳಗಿಟ್ಟು ಬೀಗ ಹಾಕಬೇಕು. ಕರಡಿಗೆ ಮಾವಿನಮಿಡಿಯ ರುಚಿ ಹತ್ತಿದರೆ ನಮ್ಮ ಹಿಂದೆ ಬರುವವರ ಗತಿ?

ಸಿಲ್ವರ್‌ಟನ್ ದಾಟಿ ಆನಿಮಸ್ ನದಿಯ ಜೊತೆಗೇ ಮೇಲೇರಿದರೆ ಯುರೇಕಾ. ಊರು ಹೋಗಿ ಹೆಸರು ಉಳಿದಿದೆ. ಗುಡ್ಡದ ಮೈಗೆ ಮೆಟ್ಟಿಲು ಮೆಟ್ಟಿಲಾಗಿ ಸನ್ನಿಸೈಡ್ ಗಿರಣಿಯ ಕಾಂಕ್ರೀಟ್ ಪಾಯ ಉಳಿದಿದೆ. ಅಲ್ಲಿಂದ ಮುಂದೆ ಕಲ್ಲುರಸ್ತೆ. ಮಧ್ಯಾಹ್ನವಾಯಿತೆಂದರೆ ಗುಡುಗು ಸಿಡಿಲು ಬರುವುದು ಇಲ್ಲಿ ಹೆಚ್ಚುಕಡಿಮೆ ದಿನದ ಪಾಡು, ಹಾಗಾಗಿ ಬೆಳಿಗ್ಗೆಯೇ ಹೊರಟು ಆನಿಮಸ್ ಫೋರ್ಕ್ಸ್ ಎಂಬ ಪಾಳುಬಿದ್ದ ಗಣಿಯೂರು ಸೇರುತ್ತೇವೆ. 11,200 ಅಡಿ ಎತ್ತರ, ಮರಗಳೂ ಹತ್ತಲು ಹಿಂಜರಿಯುವ ಜಾಗ. ಈ ಬೆಟ್ಟಗಳು ಮೂಲನಿವಾಸಿ ಯೂಟ್ ಜನರವಾಗಿದ್ದವು. 1873ರ ಒಪ್ಪಂದದಲ್ಲಿ ಅವರ ಕೈಯಿಂದ ಜಾರಿದ್ದೇ ತಡ, ಅದಿರು ಹುಡುಕುವವರು ಮುಗಿಬಿದ್ದರು.

ಬೂದುಬಣ್ಣಕ್ಕೆ ತಿರುಗಿದ ಹಲಗೆ ಮನೆಗಳ ನಡುವೆ ಡಂಕನ್ ಎಂಬುವರ ಎರಡಂತಸ್ತಿನ ಮನೆಯೊಂದಿದೆ, 1879ರದು. ಅದರ ಮುಂಚಾಚಿದ ಕಿಟಕಿ ನೋಡಿದರೆ ನನಗೆ ನಗು, ಮರುಕ ಎರಡೂ ಬರುತ್ತವೆ. ನಾಲ್ಕು ದಿನದ ಗಣಿಯೂರಿನಲ್ಲಿ ಅಂಥ ಕಿಟಕಿ ಇಡಿಸಿದವನು ಮೊಮ್ಮಕ್ಕಳ ಕಾಲದ ಲೆಕ್ಕ ಹಾಕಿರಬೇಕು. 1884ರಲ್ಲಿ 23 ದಿನ ಬಿಡದೆ ಹಿಮಗಾಳಿ ಹೊಡೆದು, ಜನ ಮನೆಯಿಂದ ಮನೆಗೆ ಹಿಮದಲ್ಲೇ ಸುರಂಗ ಕೊರೆದು ಓಡಾಡಿದರು. "ಕೆಲಸದಲ್ಲೂ ಸುರಂಗ, ಮನೆಗೆ ಬಂದರೂ ಸುರಂಗ. ಎಂಥ ಕರ್ಮ ಮಾರಾಯ!" ಎಂದ ಪುತ್ತೂರಿನ ಗೆಳೆಯ.

ಅಂಥ ಹಿಮಕ್ಕೂ ಬಗ್ಗದವರನ್ನು ಬೆಳ್ಳಿಯ ಬೆಲೆ ಬಗ್ಗಿಸಿತು. ಅದಕ್ಕೆ ನಮ್ಮ ಕಡೆಯ ಒಂದು ಕೈಯೂ ಇತ್ತು. ಆಗ ಯಾರು ಬೇಕಾದರೂ ಮುಂಬಯಿ, ಕಲ್ಕತ್ತೆಯ ಟಂಕಸಾಲೆಗೆ ಬೆಳ್ಳಿ ಒಯ್ದು ರೂಪಾಯಿ ಹೊಡೆಸಿಕೊಳ್ಳಬಹುದಿತ್ತು. ಬೆಳ್ಳಿ ಅಗ್ಗವಾದಂತೆ ರೂಪಾಯಿಯೂ ಇಳಿದು, ಲಂಡನ್ನಿಗೆ ಪೌಂಡಿನಲ್ಲಿ ಹಣ ಕಟ್ಟಬೇಕಿದ್ದ ಭಾರತ ಸರ್ಕಾರ ಕಂಗಾಲಾಯಿತು. 1893ರ ಜೂನ್ 26ರಂದು ಆ ಬಾಗಿಲು ಹಾಕಿತು. ಕೆಲವೇ ದಿನಗಳಲ್ಲಿ ಬೆಳ್ಳಿ ಕುಸಿದು ಕೊಲೊರಾಡೊದ ಗಣಿಗಳು ಸಾಲುಸಾಲಾಗಿ ಮುಚ್ಚಿದವು. ಬೆಳ್ಳಿ ಕೊಳ್ಳುವ ಕಾಯ್ದೆಯನ್ನು ನವೆಂಬರಿನಲ್ಲಿ ಅಮೆರಿಕದ ಸಂಸತ್ತೂ ರದ್ದು ಮಾಡಿತು. ಅಜ್ಜಿಯ ಪೆಟ್ಟಿಗೆಯಲ್ಲಿ ರಾಣಿಯ ತಲೆಯಿದ್ದ ರೂಪಾಯಿ ಕಂಡವಳು ನಾನು. ಈ ಬೆಟ್ಟದ ಹಣೆಬರಹದಲ್ಲಿ ಅದಕ್ಕೂ ಪಾಲಿತ್ತೆಂದು ಆಗ ಯಾರು ಹೇಳಿದ್ದರು?

1904ರಲ್ಲಿ ಗೋಲ್ಡ್ ಪ್ರಿನ್ಸ್ ಗಿರಣಿ ಬಂದು ಊರು ಚೇತರಿಸಿಕೊಂಡಿತು. 1910ಕ್ಕೆ ಅದೂ ನಿಂತಿತು. 1920ರ ದಶಕ ಬರುವಷ್ಟರಲ್ಲಿ ಇಲ್ಲಿ ಒಲೆ ಹೊತ್ತಿಸುವವರಿರಲಿಲ್ಲ.

ಇಂಥ ಜಾಗಗಳಲ್ಲಿ ಎಲ್ಲರೂ ಫೋಟೋ ತೆಗೆಯುತ್ತಾರೆ. ಕೆಜಿಎಫ್‌ನಲ್ಲಿ ಬೆಳೆದ ನಮ್ಮ ಗೆಳತಿ ಮಾತ್ರ ನೆಲ ನೋಡುತ್ತ ನಡೆಯುತ್ತಾಳೆ. ಗಿರಣಿ ಅರೆದು ಚೆಲ್ಲಿದ ಪುಡಿಮಣ್ಣಿನ ಗುಡ್ಡೆ ಕಂಡರೆ ಅವಳಿಗೆ ತಮ್ಮೂರಿನ ಸಯನೈಡ್ ದಿಬ್ಬದ ನೆನಪು. ಗಾಳಿ ಬೀಸಿದಾಗ ಒಣಹಾಕಿದ ಬಟ್ಟೆಯ ಮೇಲೆಲ್ಲ ಅದರ ದೂಳು ಕೂರುತ್ತಿತ್ತಂತೆ. ನಾವು ಏದುಸಿರು ಬಿಡುತ್ತ ಹತ್ತಿದ ಎತ್ತರ ಸಮುದ್ರಮಟ್ಟದಿಂದ ಮೂರು ಕಿಲೋಮೀಟರಿಗಿಂತ ಚೂರು ಹೆಚ್ಚು. ಅವಳೂರಿನ ಗಣಿ ಚಾಂಪಿಯನ್ ರೀಫ್‌ನಲ್ಲಿ ಮನುಷ್ಯರು ಕೆಳಕ್ಕಿಳಿದದ್ದೂ ಮೂರು ಕಿಲೋಮೀಟರಿಗಿಂತ ಹೆಚ್ಚು. ಗಣಿ ಮುಚ್ಚಿದರೆ ಅದರ ಕಥೆ ಮುಗಿಯುತ್ತದೆಂದು ಅವಳು ಒಪ್ಪುವುದಿಲ್ಲ. ಗಣಿ ನಡೆಯುವಾಗಲೂ, ಮುಚ್ಚಿದ ಮೇಲೂ ಏನೇನಾಗುತ್ತದೆ ಎಂಬುದಕ್ಕೆ ಸಾಕ್ಷಿ ಇಲ್ಲೇ ಇದೆ. 1978ರ ಜೂನ್ 4ರಂದು ಎಮ್ಮಾ ಎಂಬ ಸರೋವರ ತಳ ಒಡೆದು ಸನ್ನಿಸೈಡ್ ಗಣಿಯೊಳಗೆ ಸುರಿದುಹೋಯಿತು. ಭಾನುವಾರವಾದ್ದರಿಂದ ಒಳಗೆ ಒಬ್ಬರೂ ಇರಲಿಲ್ಲ. ರಜೆಯ ಪರವಾಗಿ ಇದಕ್ಕಿಂತ ದೊಡ್ಡ ವಾದ ನನಗೆ ಗೊತ್ತಿಲ್ಲ. 2015ರ ಆಗಸ್ಟ್‌ನಲ್ಲಿ, ಎಂದೋ ಕೈಬಿಟ್ಟ ಗೋಲ್ಡ್ ಕಿಂಗ್ ಗಣಿಯನ್ನು ಸರ್ಕಾರದವರು ಸರಿಪಡಿಸಲು ಹೋದಾಗ ಅದರೊಳಗೆ ಕಟ್ಟಿನಿಂತಿದ್ದ ಸುಮಾರು 30 ಲಕ್ಷ ಗ್ಯಾಲನ್ ವಿಷನೀರು ನುಗ್ಗಿ, ಆನಿಮಸ್ ನದಿ ಕಿತ್ತಳೆ ಬಣ್ಣಕ್ಕೆ ತಿರುಗಿತು.

ಇಳಿಯುವಾಗ ಸಿಲ್ವರ್‌ಟನ್ನಿನಲ್ಲಿ ಕಾಫಿಗೆ ನಿಂತೆವು. ಡುರಾಂಗೊದಿಂದ ಪುಟ್ಟ ಹಳಿಯ ಉಗಿಬಂಡಿ ಬಂತು. 1882ರಲ್ಲಿ ಅದಿರಿಗೆಂದು ಬಂದ ಹಳಿಯ ಮೇಲೆ ಈಗ ಪ್ರವಾಸಿಗರು. ಎಲ್ಲರೂ ಕೈಬೀಸಿದರು, ನಾವೂ ಬೀಸಿದೆವು. "ನಮ್ಮೂರಿಗೂ ರೈಲಿದೆ ಕಣೇ," ಎಂದಳು ಗೆಳತಿ. "2001ರಲ್ಲಿ ಗಣಿ ಮುಚ್ಚಿದ ಮೇಲೂ ಜನ ಊರು ಬಿಡಲಿಲ್ಲ. ಬೆಳಕು ಹರಿಯೋ ಮುಂಚೆ ಮಾರಿಕುಪ್ಪಂ ಗಾಡಿ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ, ರಾತ್ರಿ ವಾಪಸ್ ಬರ್ತಾರೆ. ಅಲ್ಲಿ ಕೈಬೀಸೋಕೆ ಯಾರಿಗೂ ಪುರುಸೊತ್ತಿಲ್ಲ. ಸೀಟು ಹಿಡೀಬೇಕಲ್ಲ!"