ಕಾರ್ನರ್ ಪಕ್ಷದವರು

ರೋಹಿಣಿ ಮಳೆಗಾಗಿ ಎಲ್ಲರೂ ಮುಗಿಲು ನೋಡುವ ದಿನಗಳಲ್ಲಿ ಪ್ರೊ ಕಬಡ್ಡಿಯ ಹರಾಜು ಬಂದರೆ ನಮ್ಮ ಬಳಿಚಕ್ರದ ಕಟ್ಟೆಗೆ ಹಬ್ಬ. 2025ರಲ್ಲಿ ಹಾಗೇ ಕೂಡಿಬಂತು. ಮೇ 31 ಮತ್ತು ಜೂನ್ 1, ಮುಂಬೈಯಲ್ಲಿ 12ನೇ ಸೀಸನ್ನಿನ ಹರಾಜು. ಹೊಲ ಹರಗಿಯಾಗಿತ್ತು, ಹತ್ತಿ ಬೀಜದ ಪಾಕೀಟು ಮನೆ ಸೇರಿದ್ದವು, ಹದ ಮಳೆ ಬೀಳುವ ತನಕ ಕೈಗೆ ದೊಡ್ಡ ಕೆಲಸವಿರಲಿಲ್ಲ. ಯಾದಗಿರಿ ಸೀಮೆಯ ಬಿಸಿಲು ಇಳಿದು, ಕಟ್ಟೆಯ ಕಲ್ಲು ಕೂರಲು ಬರುವಷ್ಟು ಆರಿದ ಕೂಡಲೇ ಒಬ್ಬೊಬ್ಬರಾಗಿ ಬಂದು ಸೇರುತ್ತಿದ್ದರು. ನಡುವೆ ಒಂದು ಮೊಬೈಲು, ಅದರ ಸುತ್ತ ಬಗ್ಗಿದ ತಲೆಗಳು, ಬದಿಗೆ ಮಿರ್ಚಿ ಭಜಿಯ ಪೊಟ್ಟಣ. ಇದ್ದದ್ದು ಒಂದೇ ಮಾತು: ಬೆಂಗಳೂರು ಬುಲ್ಸ್ ಈ ಸಲ ಯಾರನ್ನು ತಗೊಳ್ಳಬೇಕು?

ಆಟ ನೋಡುವಷ್ಟೇ ಸುಖ ನನಗೆ ಈ ಮಾತಿನಲ್ಲೂ ಇದೆ. ಪಂದ್ಯ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ತಂಡ ಕಟ್ಟುವ ಮಾತು ವಾರಗಟ್ಟಲೆ ನಡೆಯುತ್ತದೆ. 2025ರಲ್ಲಿ ಒಂದೊಂದು ತಂಡದ ಕೈಯಲ್ಲಿ ಇದ್ದದ್ದು ಐದು ಕೋಟಿ. ಅದರಲ್ಲಿ ಕಡಿಮೆಯೆಂದರೆ 18, ಹೆಚ್ಚೆಂದರೆ 25 ಆಟಗಾರರನ್ನು ಹೊಂದಿಸಬೇಕಿತ್ತು. ಎ ವರ್ಗದವರ ಕೂಗು 30 ಲಕ್ಷದಿಂದ ಶುರು, ಡಿ ವರ್ಗದವರದು 9 ಲಕ್ಷದಿಂದ. ಬಿಟ್ಟುಕೊಟ್ಟ ಆಟಗಾರ ಮತ್ತೆ ಬೇಕೆನಿಸಿದರೆ ಕೊನೆಯ ಕೂಗಿನ ಬೆಲೆಯನ್ನೇ ತೆತ್ತು ಮರಳಿ ಪಡೆಯಲು ಎಫ್‌ಬಿಎಂ ಕಾರ್ಡ್ ಇತ್ತು. ಇದೆಲ್ಲ ನಮ್ಮ ಕಟ್ಟೆಯ ಹುಡುಗರಿಗೆ ಬಾಯಿಪಾಠ. ಜೇಬಿನಲ್ಲಿ ನೂರು ರೂಪಾಯಿ ಇರಲಿ ಇಲ್ಲದಿರಲಿ, ಆ ಎರಡು ಸಂಜೆ ಪ್ರತಿಯೊಬ್ಬನೂ ಐದು ಕೋಟಿಯ ಒಡೆಯ. ಒಂದೊಂದು ಲಕ್ಷಕ್ಕೂ ಜೀವ ಹಿಂಡಿ ಲೆಕ್ಕ ಕೊಡುತ್ತಾನೆ.

ಕಟ್ಟೆಯಲ್ಲಿ ಎರಡು ಪಕ್ಷ. ಎದುರಾಳಿಯ ಅಂಗಳಕ್ಕೆ ನುಗ್ಗಿ ಪಾಯಿಂಟ್ ತರುವವರ ಕಡೆಗೆ ಒಂದು ರೇಡರ್ ಪಕ್ಷ, ಎರಡು ತುದಿಗೆ ನಿಂತು ಅವರನ್ನು ಹಿಡಿಯುವವರ ಕಡೆಗೆ ಇನ್ನೊಂದು ಕಾರ್ನರ್ ಪಕ್ಷ. ನಾನು ಹುಟ್ಟಾ ಕಾರ್ನರ್ ಪಕ್ಷದವನು.

ರೇಡರ್ ಪಕ್ಷದವರ ಬತ್ತಳಿಕೆಯಲ್ಲಿ ಒಂದು ಬ್ರಹ್ಮಾಸ್ತ್ರವಿದೆ. 2019ರ ಜನವರಿ 5, ಆರನೇ ಸೀಸನ್ನಿನ ಫೈನಲ್. ಎದುರಿಗೆ ಗುಜರಾತ್. ಮೊದಲರ್ಧ ಮುಗಿದಾಗ ಅವರು 16, ನಾವು 9. ಆಮೇಲೆ ಪವನ್ ಸೆಹ್ರಾವತ್ ಎದ್ದ. ಒಬ್ಬನೇ 22 ಪಾಯಿಂಟ್ ತಂದ, ಬುಲ್ಸ್ 38–33ಕ್ಕೆ ಗೆದ್ದು ಮೊದಲ ಸಲ ಕಪ್ ಎತ್ತಿತು. ಈ ಪವನ್ ಮೊದಲು ನಮ್ಮವನೇ ಆಗಿದ್ದ. ಬಿಟ್ಟೆವು, ಗುಜರಾತಿಗೆ ಹೋದ, ಅಲ್ಲಿ ಹೆಚ್ಚು ಆಡಲು ಸಿಗಲಿಲ್ಲ. ಮರು ಹರಾಜಿನಲ್ಲಿ ಕರೆತಂದೆವು, ಗುಜರಾತಿನ ಮೇಲೆಯೇ ಕಪ್ ಗೆದ್ದುಕೊಟ್ಟ. ಹರಾಜು ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಒಂದು ಕತೆ ಹೇಳುತ್ತೇನೆ.

"ಪಾಯಿಂಟ್ ತರೋನೇ ಇಲ್ಲಂದ್ರ ಹಿಡದು ಏನ್ ಮಾಡ್ತೀರಿ ಕಾಕಾ? ಮೂವತ್ತೆಂಟರಾಗ ಇಪ್ಪತ್ತೆರಡು ಅವನವೇ ಅಲ್ರೀ!" ಅಂತ ಹುಡುಗರು ಕಾಕಾನನ್ನು ಕೆಣಕುತ್ತಾರೆ.

ಕಾಕಾ ನಮ್ಮ ಪಕ್ಷದ ಹಿರಿಯರು. ಹರೆಯದಲ್ಲಿ ಸುತ್ತಿನ ಹಳ್ಳಿಗಳ ಜಾತ್ರೆ, ಪಂಚಮಿಯ ಆಟಗಳಲ್ಲಿ ಎಡ ಕಾರ್ನರ್‌ಗೆ ನಿಲ್ಲುತ್ತಿದ್ದವರು. ಎಡಗೈಯ ಕಿರುಬೆರಳು ಹೊರಕ್ಕೆ ಬಾಗಿ ಹಾಗೇ ನಿಂತಿದೆ. ಓಡುವ ಕಾಲಿಗೆ ಬೆರಳು ಸಿಕ್ಕು ಮುರಿದದ್ದು, ಮತ್ತೆ ನೆಟ್ಟಗಾಗಲೇ ಇಲ್ಲ. ಅದೇ ಬೆರಳನ್ನು ಎತ್ತಿ ಅವರು ಉತ್ತರ ಕೊಡುತ್ತಾರೆ: "ತರೋದು ಅವ ತಂದ, ಖರೆ. ತಂದದ್ದು ಉಳಿಸಿದೋರ್ ಯಾರೋ ತಮ್ಮಾ? ಮಹೇಂದರ್ ಸಿಂಗ್ ಕವರ್‌ದಾಗ ಗ್ವಾಡಿ ಆಗಿ ನಿಂತಿದ್ದ ಆ ವರ್ಷ. ಅವನ ಹೆಸರು ಯಾಕ ಹೇಳಂಗಿಲ್ಲ ನೀವು?"

ಕಾರ್ನರ್ ಆಟದ ಸೊಗಸು ಟಿವಿಯಲ್ಲಿ ಪೂರ್ತಿ ಕಾಣುವುದಿಲ್ಲ. ಕ್ಯಾಮೆರಾ ರೇಡರ್‌ನ ಹಿಂದೆ ಓಡುತ್ತಿರುತ್ತದೆ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ, ಕಣ ಖಾಲಿಯಾದಾಗ, ನೀರು ಚಿಮುಕಿಸಿ ಬೂದಿಯಲ್ಲಿ ಗೆರೆ ಎಳೆದು ಹುಡುಗರು ಆಡುವಾಗ ಗೆರೆಯ ಅಂಚಿಗೆ ಕೂತು ನೋಡಬೇಕು. ಕಾರ್ನರ್‌ನವನ ಹಿಮ್ಮಡಿ ನೆಲ ಮುಟ್ಟಿರುವುದಿಲ್ಲ, ಇಡೀ ಮೈಭಾರ ಮುಂಗಾಲಿನ ಮೇಲೆ. ಒಂದು ಕೈ ಪಕ್ಕದವನ ಮಣಿಕಟ್ಟು ಹಿಡಿದಿದೆ, ಇನ್ನೊಂದು ಮೊಣಕಾಲಿನ ಎತ್ತರಕ್ಕೆ ತೆರೆದು ಕಾಯುತ್ತಿದೆ. ಅವನ ಕಣ್ಣು ರೇಡರ್‌ನ ಮುಖ ನೋಡುವುದಿಲ್ಲ. ಮುಖ ಸುಳ್ಳು ಹೇಳುತ್ತದೆ, ಭುಜ ಸುಳ್ಳು ಹೇಳುತ್ತದೆ. ಅವನು ನೋಡುವುದು ಸೊಂಟ ಮತ್ತು ಊರಿದ ಕಾಲು. ರೇಡರ್ ಬೋನಸ್ ಗೆರೆಗೆಂದು ಒಂದು ಕಾಲು ಚಾಚುತ್ತಾನೆ. ಮತ್ತೊಂದು ಕಾಲಿನ ಮೇಲೆ ಅವನ ಪೂರ್ತಿ ಭಾರ ಬೀಳುವ ಒಂದು ಗಳಿಗೆ ಬರುತ್ತದೆ. ಆಗ ಇವನು ಪಾದದ ಕೀಲಿಗೆ ಎರಡೂ ಕೈ ಹಾಕಿ ತಲೆ ಒಳಗೆ ತಗೊಂಡು ಎದೆಗೆ ಎಳೆದುಕೊಳ್ಳುತ್ತಾನೆ. ಅದೇ ಆಂಕಲ್ ಹೋಲ್ಡ್. ಗಳಿಗೆ ಮುಂಚೆ ಹೋದರೆ ರೇಡರ್ ಹಾರಿ ದಾಟುತ್ತಾನೆ, ಗಳಿಗೆ ತಡವಾದರೆ ಕಾಲು ಕೈಯಿಂದ ಜಾರುತ್ತದೆ. ಹಿಡಿದ ಮೇಲೂ ಕೆಲಸ ಅರ್ಧವೇ. ಕಾರ್ನರ್‌ನ ಒಳಬದಿಗೆ ನಿಲ್ಲುವ ಕವರ್ ಬಂದು ನಡುಗೆರೆಯ ಕಡೆಯ ದಾರಿ ಮುಚ್ಚಬೇಕು. ಅವನು ಬಾರದಿದ್ದರೆ ಬಲವಾದ ರೇಡರ್ ಹಿಡಿದವನನ್ನೇ ಎಳೆದುಕೊಂಡು ಗೆರೆ ಮುಟ್ಟುತ್ತಾನೆ.

ಇದನ್ನು ಹತ್ತಿರದಿಂದ ಒಮ್ಮೆ ನೋಡಿದವನಿಗೆ ಹರಾಜಿನ ಪಟ್ಟಿ ಬೇರೆಯಾಗಿ ಕಾಣತೊಡಗುತ್ತದೆ.

2014ರ ಮೊದಲ ಹರಾಜಿನಲ್ಲಿ ಎಲ್ಲರಿಗಿಂತ ದುಬಾರಿಯಾದ ರಾಕೇಶ್ ಕುಮಾರ್‌ಗೆ ಸಿಕ್ಕದ್ದು 12.80 ಲಕ್ಷ. ನಾಲ್ಕೇ ವರ್ಷದಲ್ಲಿ ಬೆಲೆ ಕೋಟಿ ಮುಟ್ಟಿತು, ಮತ್ತು ಮೊದಲು ಮುಟ್ಟಿದವನು ರೇಡರ್ ಅಲ್ಲ, ಇರಾನಿನ ಎಡ ಕಾರ್ನರ್ ಫಜಲ್ ಅತ್ರಾಚಲಿ. ಈ ಸುದ್ದಿ ನಮ್ಮ ಪಕ್ಷದವರ ಹೆಮ್ಮೆ. ಆಮೇಲೆ ಅದೇ ಇರಾನಿನ, ಅದೇ ಕಾರ್ನರ್‌ಗೆ ನಿಲ್ಲುವ ಶಾದ್ಲೂಯಿ ಬಂದ. 2023ರಲ್ಲಿ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟಿತು, ಕಪ್ ಗೆದ್ದಿತು. ಮರುವರ್ಷ ಹರಿಯಾಣ ಸ್ಟೀಲರ್ಸ್ 2.07 ಕೋಟಿ ಕೊಟ್ಟಿತು, ಅದೂ ಕಪ್ ಗೆದ್ದಿತು.

ಇನ್ನೊಂದು ಪಕ್ಕದ ಲೆಕ್ಕ. ಸೈದಾಪುರ ದಾಟಿ ಗಡಿಯಾಚೆ ಹೋದರೆ ನಾರಾಯಣಪೇಟೆ, ಮಖ್ತಲ್. ಅಲ್ಲಿ ನಮ್ಮ ಬೀಗರಿದ್ದಾರೆ, ಅವರೆಲ್ಲ ತೆಲುಗು ಟೈಟನ್ಸ್ ಕಡೆಯವರು. 2023ರಲ್ಲಿ ಟೈಟನ್ಸ್ ಪವನ್‌ಗೆ 2.605 ಕೋಟಿ ಕೊಟ್ಟಾಗ ಮದುವೆ ಮಾತುಕತೆಗೆ ಬಂದ ಬೀಗರು ಕಪ್ ಆಗಲೇ ಕೈಗೆ ಬಂದಂತೆ ಮಾತಾಡಿದ್ದರು. ಆ ಸೀಸನ್ನಿನ 22 ಪಂದ್ಯಗಳಲ್ಲಿ ಟೈಟನ್ಸ್ ಗೆದ್ದದ್ದು ಎರಡು. ಪವನ್ ತನ್ನ ಪಾಲಿನ ಪಾಯಿಂಟ್ ತರುತ್ತಲೇ ಇದ್ದ. ಈ ಕಡೆ ಎದುರಾಳಿಗಳು ಅದಕ್ಕಿಂತ ಹೆಚ್ಚು ಒಯ್ಯುತ್ತಲೇ ಇದ್ದರು. ಅದಕ್ಕೆ ಮುಂಚಿನ ವರ್ಷ ತಮಿಳ್ ತಲೈವಾಸ್‌ನಲ್ಲಿ ಇದರ ತಿರುವುಮುರುವು ನಡೆದಿತ್ತು. 2.26 ಕೋಟಿಗೆ ತಂದ ಪವನ್ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಹೊರಹೋದ. ತಂಡ ಮುಗಿಯಿತು ಅಂತ ಎಲ್ಲರೂ ಅಂದರು. ಆದರೆ ಹಿಂದಿನಿಂದಲೂ ಕೂಡಿ ಆಡಿದ್ದ ಸಾಗರ್, ಸಾಹಿಲ್ ಗುಲಿಯಾ, ಮೋಹಿತ್, ಅಭಿಷೇಕ್ ಎಂಬ ನಾಲ್ವರು ಹಿಡಿಯುವವರು ಆ ತಂಡವನ್ನು ಸೆಮಿಫೈನಲ್‌ವರೆಗೆ ಹೊತ್ತೊಯ್ದರು. ಅಲ್ಲಿಯವರೆಗೆ ತಲೈವಾಸ್ ಪ್ಲೇಆಫ್ ಕಂಡಿರಲಿಲ್ಲ.

ಕೂಡಿ ಆಡಿದ್ದ ನಾಲ್ವರು: ನನ್ನ ಮಾತೆಲ್ಲ ಇದರ ಮೇಲೆಯೇ ನಿಂತಿದೆ. ರೇಡರ್ ಒಬ್ಬನೇ ಹೋಗುತ್ತಾನೆ, ಒಬ್ಬನೇ ಬರುತ್ತಾನೆ. ಅವನನ್ನು ದುಡ್ಡು ಕೊಟ್ಟು ತರಬಹುದು. ಹಿಡಿಯುವವರನ್ನು ಹಾಗೆ ಬಿಡಿಬಿಡಿಯಾಗಿ ತಂದರೆ ಸಾಲದು. ಎಡ ಕಾರ್ನರ್ ಯಾವಾಗ ಮುನ್ನುಗ್ಗುತ್ತಾನೆ ಅಂತ ಎಡ ಕವರ್‌ಗೆ ಹೇಳದೆ ತಿಳಿಯಬೇಕು. ಅದಕ್ಕೆ ವರ್ಷಗಳು ಬೇಕು, ಒಟ್ಟಿಗೆ ಬಿದ್ದೆದ್ದ ಮೈ ಬೇಕು.

ಬುಲ್ಸ್ ಇದನ್ನು ಒಮ್ಮೆ ಅರ್ಧ ತಿಳಿದಿತ್ತು. ಯು ಮುಂಬಾದಲ್ಲಿ ಸುರೇಂದರ್ ನಾಡಾ ಎಡಕ್ಕೆ, ಮೋಹಿತ್ ಚಿಲ್ಲರ್ ಬಲಕ್ಕೆ ನಿಂತು ಎದುರಾಳಿಗಳ ಎದೆ ನಡುಗಿಸಿದ್ದರು. 2016ರ ನಾಲ್ಕನೇ ಸೀಸನ್ನಿಗೆ ಮೋಹಿತ್‌ಗೆ 53 ಲಕ್ಷ ಕೊಟ್ಟು, ಅಂದಿನ ಹರಾಜಿನಲ್ಲಿ ಅದೇ ಅತಿ ಹೆಚ್ಚು, ಬುಲ್ಸ್ ಜೋಡಿಯನ್ನು ಕೂಡಿಸಿತು. ನಾವು ಕುಣಿದಾಡಿದೆವು. ಆದರೆ ತಂಡ ಸೆಮಿಫೈನಲ್ ಮುಟ್ಟಲಿಲ್ಲ. ರೇಡರ್ ಪಕ್ಷದವರು ಇಂದಿಗೂ ಅದನ್ನು ಎತ್ತಿ ಆಡುತ್ತಾರೆ. ಅದಕ್ಕೆ ಕಾಕಾನ ಉತ್ತರ ನನಗೆ ಒಪ್ಪಿಗೆಯಾಗಿದೆ: "ಎರಡು ಕಾರ್ನರ್ ತಂದ್ರಿ, ನಡುವಿನ ಕವರ್ ಹೊಂದೋ ತನಕ ತಾಳಲಿಲ್ಲ. ಮರುವರ್ಷ ಇಬ್ರನ್ನೂ ಬಿಟ್ರಿ." ಆ ಇಬ್ಬರೂ ಹರಿಯಾಣ ಸೇರಿದರು.

2024ರ ಮಾತು ಬಂದರೆ ಕಟ್ಟೆಯಲ್ಲಿ ಎರಡೂ ಪಕ್ಷ ಒಂದಾಗುತ್ತವೆ. ಆ ವರ್ಷ ಪರ್ದೀಪ್ ನರ್ವಾಲ್ ಮರಳಿ ಬಂದ. 2015ರಲ್ಲಿ ಬುಲ್ಸ್ ಅಂಗಿಯಲ್ಲೇ ಕಣ್ಣುಬಿಟ್ಟ ಹುಡುಗ. ಪಟ್ನಾಕ್ಕೆ ಹೋಗಿ ಸಾಲಾಗಿ ಮೂರು ಕಪ್ ಗೆಲ್ಲಿಸಿ ಡುಬ್ಕಿ ಕಿಂಗ್ ಆಗಿದ್ದವನು. 70 ಲಕ್ಷಕ್ಕೆ ಮನೆಗೆ ಮರಳಿದ ಎಂದು ನಾವೆಲ್ಲ ಸಂತೋಷಪಟ್ಟೆವು. ಆದರೆ ಆ ಸೀಸನ್ನಿನ 22 ಪಂದ್ಯಗಳಲ್ಲಿ ಎರಡೇ ಗೆಲುವು, ಪಟ್ಟಿಯಲ್ಲಿ ಕೊನೆಯ ಸ್ಥಾನ. ಮರುವರ್ಷದ ಹರಾಜಿನಲ್ಲಿ ಪರ್ದೀಪ್‌ಗೆ ಯಾರೂ ಕೂಗಲಿಲ್ಲ. ಕೆಲವೇ ದಿನಗಳಲ್ಲಿ ಅವನು ಆಟಕ್ಕೆ ವಿದಾಯ ಹೇಳಿದ. ಆ ಹೆಸರು ಬಂದು ಯಾರ ಕೈಯೂ ಏಳದೆ ಮುಂದೆ ಸರಿದಾಗ ನಮ್ಮ ಕಟ್ಟೆಯಲ್ಲಿ ಯಾರೂ ಮಾತಾಡಲಿಲ್ಲ. ಹಿಡಿಯುವವರ ಕೈಯಡಿ ಬಗ್ಗಿ ತಪ್ಪಿಸಿಕೊಳ್ಳುವ ವಿದ್ಯೆಯನ್ನು ಅವನಷ್ಟು ಚೆಂದಾಗಿ ತೋರಿಸಿದವರನ್ನು ನಾನಂತೂ ನೋಡಿಲ್ಲ. ಕಾರ್ನರ್ ಪಕ್ಷದವನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಆದರೆ ಅದೇ ಹರಾಜು ನಮಗೆ ಬೇರೆ ಸಂತೋಷವನ್ನೂ ಕೊಟ್ಟಿತು. ಮೊದಲ ಸೀಸನ್ನಿನಿಂದ ಕೋಚ್ ಆಗಿದ್ದ ರಣಧೀರ್ ಸಿಂಗ್ ಅವರ ಜಾಗಕ್ಕೆ ಬಿ.ಸಿ. ರಮೇಶ್ ಬಂದಿದ್ದರು. ನಮ್ಮ ಕನ್ನಡಿಗ, ಅರ್ಜುನ ಪ್ರಶಸ್ತಿ ಪಡೆದವರು, ಬುಲ್ಸ್ ಕಪ್ ಗೆದ್ದ ವರ್ಷ ಸಹಾಯಕ ಕೋಚ್ ಆಗಿದ್ದವರು. ಆಮೇಲೆ ಬಂಗಾಳಕ್ಕೂ ಪುಣೆಗೂ ಕಪ್ ಗೆಲ್ಲಿಸಿದವರು. ಪುಣೆಯಲ್ಲಿ ಅವರ ಕೈಕೆಳಗೆ ಶಾದ್ಲೂಯಿ ಒಬ್ಬನೇ ಇರಲಿಲ್ಲ. ಗೌರವ್ ಖತ್ರಿ, ಅಬಿನೇಶ್, ಸಂಕೇತ್ ಸಾವಂತ್ ಎಂಬ ಎಳೆಯರ ಗೋಡೆಯೇ ಇತ್ತು. ಅಂಥವರು ಐದು ಕೋಟಿ ಹಿಡಿದು ಕೂತಾಗ ಏನು ಮಾಡುತ್ತಾರೆ ಅಂತ ನಾವು ಉಸಿರು ಬಿಗಿಹಿಡಿದು ನೋಡಿದೆವು.

ಡೆಲ್ಲಿಯ ಬಲ ಕಾರ್ನರ್ ಯೋಗೇಶ್ ಹೆಸರು ಬಂತು. 30 ಲಕ್ಷ, 50, 80. ಹುಡುಗನೊಬ್ಬ "ಸಾಕು ಬಿಡ್ರಿ, ರೇಡರ್‌ಗೆ ಉಳಿಸ್ರಿ" ಅಂತ ಮೊಬೈಲಿಗೇ ಹೇಳಿದ. ಬುಲ್ಸ್ ಬಿಡಲಿಲ್ಲ. 1.125 ಕೋಟಿಗೆ ಸುತ್ತಿಗೆ ಬಿತ್ತು. ಎಡಕ್ಕೆ ಅಂಕುಶ್ ರಾಠಿ, ಒಂಬತ್ತನೇ ಸೀಸನ್ನಿನಲ್ಲಿ ಜೈಪುರದ ಪರವಾಗಿ 89 ಟ್ಯಾಕಲ್ ಪಾಯಿಂಟ್ ಗಳಿಸಿ ಎಲ್ಲರಿಗಿಂತ ಮುಂದಿದ್ದವನು, ಸುಮಾರು 90 ಲಕ್ಷ. ಐದು ಕೋಟಿಯಲ್ಲಿ ಎರಡು ಕೋಟಿಗೂ ಮಿಕ್ಕಿ ಎರಡು ಕಾರ್ನರ್‌ಗೆ! ಕಾಕಾ ಎದ್ದು ನಿಂತು ಧೋತರದ ಚುಂಗು ಸರಿಮಾಡಿಕೊಂಡರು. "ಈಗ ಖರೆ ತಂಡ ಕಟ್ಟಾಕತ್ಯಾರ ನೋಡು" ಅಂದರು. ರೇಡರ್ ಪಕ್ಷದವರು ಗದ್ದಲ ಎಬ್ಬಿಸಿದರು. ಪಾಯಿಂಟ್ ಯಾರು ತರಬೇಕು, ಇರಾನಿನ ಅಲಿರೇಜಾ ಮಿರ್ಜಾಯಿಯಾನ್ ಒಬ್ಬನ ಮೇಲೆ ಭಾರ ಹಾಕುವುದೇ? ಕತ್ತಲಾದರೂ ಮಾತು ನಿಲ್ಲಲಿಲ್ಲ.

ಸೀಸನ್ ಶುರುವಾದ ಮೇಲೆ ತಂಡ ಪ್ಲೇಆಫ್‌ಗೆ ಬಂತು, ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡ. ಹರಾಜಿನ ದಿನ ನಮ್ಮ ಬಾಯಲ್ಲಿ ಹೆಸರೂ ಬಾರದಿದ್ದ ದೀಪಕ್ ಶಂಕರ್ ಎಂಬ ಹುಡುಗ ಹಿಡಿತಗಳಿಂದಲೇ ಹೆಸರು ಮಾಡಿದ. ಕಪ್ ಮಾತ್ರ ಅಕ್ಟೋಬರ್ 31ರಂದು ಪುಣೆಯನ್ನು 31–28ಕ್ಕೆ ಸೋಲಿಸಿದ ಡೆಲ್ಲಿಯ ಪಾಲಾಯಿತು. ಶಾದ್ಲೂಯಿ ಇಲ್ಲದೆಯೂ ಪುಣೆ ಮತ್ತೆ ಫೈನಲ್‌ಗೆ ಬಂದದ್ದನ್ನು ನೋಡಿ. ಗೌರವ್, ಅಬಿನೇಶ್ ಅಲ್ಲೇ ಇದ್ದರು.

ಆದ್ದರಿಂದ ಬುಲ್ಸ್ ತಂಡದವರಲ್ಲಿ ಬಳಿಚಕ್ರದ ಕಾರ್ನರ್ ಪಕ್ಷದ ಕೇಳಿಕೆ ಎರಡು. ಹಿಡಿಯುವವರು ಕೂಡಿಬಂದ ಮೇಲೆ ಮುಂದಿನ ಹರಾಜಿಗೆ ಅವರನ್ನು ಚದುರಿಸಬೇಡಿ, ಮೂರು ಸೀಸನ್ ಒಟ್ಟಿಗೆ ಇಡಿ. ಇನ್ನು ಎಳೆಯ ಆಟಗಾರರನ್ನು ಹುಡುಕಲು ಹೊರಟಾಗ ಯಾದಗಿರಿ, ಶಹಾಪುರ, ಸುರಪುರದ ಕಡೆಗೂ ಒಮ್ಮೆ ಬನ್ನಿ. ಸುಗ್ಗಿ ಮುಗಿದ ಮೇಲೆ ಬಂದರೆ ಒಳ್ಳೆಯದು, ಹುಡುಗರು ಕಣದಲ್ಲೇ ಸಿಗುತ್ತಾರೆ. ರೇಡರ್‌ನನ್ನು ನೋಡುವುದಕ್ಕೆ ಮುಂಚೆ ಎರಡೂ ತುದಿಗೆ ನಿಂತವರ ಕಾಲು ನೋಡಿ.